ಹೊಳೆ ದಾಟುವ ಮೊದಲು

ಮದುವೆಯಾಗಿಯೂ ಒಂದೇ ಮನೆಯಲ್ಲಿ ಇರಲಾಗದ ಗಂಡ ಹೆಂಡತಿ ನಮ್ಮ ಚಾಮರಾಜಪೇಟೆಯಲ್ಲಿ ಈಗ ಒಬ್ಬಿಬ್ಬರಲ್ಲ. ನಾಗಭೂಷಣ್ ಮತ್ತು ಶರಣ್ಯ ಅಂಥವರು. ಶರಣ್ಯ ಕೆನಡಾದ ಒಟ್ಟಾವಾ ಊರಿನಲ್ಲಿ ಪುಟ್ಟ ಮಕ್ಕಳ ಶಾಲೆಯ ಟೀಚರ್. ಅಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು, ಅಂದರೆ ಪಿ.ಆರ್., ಅವಳಿಗಿದೆ. ನಾಗಭೂಷಣ್ ಕಾಟನ್‌ಪೇಟೆಯಲ್ಲಿ ಮನೆತನದ ನೂಲು, ಲೇಸು, ಗುಂಡಿಗಳ ಅಂಗಡಿ ನೋಡಿಕೊಳ್ಳುತ್ತಿದ್ದ. ಗಂಡನನ್ನು ಕರೆಸಿಕೊಳ್ಳಲು ಶರಣ್ಯ ಸ್ಪಾನ್ಸರ್ ಅರ್ಜಿ ಹಾಕಿದ್ದಳು.

ಸಂಜೆ ಅಂಗಡಿಯಲ್ಲಿ ಗಿರಾಕಿ ಕಡಿಮೆಯಾದಾಗ ಅವಳ ವಿಡಿಯೋ ಕಾಲ್ ಬರುತ್ತಿತ್ತು. ಅವಳಿಗೆ ಆಗ ಬೆಳಗು. ಕೆಲಸಕ್ಕೆ ಹೋಗುವ ದಾರಿಯಲ್ಲಿ ಸೇತುವೆಯ ಹತ್ತಿರ ನಿಂತು ಫೋನನ್ನು ಹೊಳೆಯ ಕಡೆ ತಿರುಗಿಸುತ್ತಿದ್ದಳು. ನೀರಿನ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿರುತ್ತಿತ್ತು. ಮಾತು ಮುಗಿದ ಮೇಲೂ ನಾಗಭೂಷಣನ ಕಣ್ಣಲ್ಲಿ ಆ ಹೊಳೆ ಹರಿಯುತ್ತಲೇ ಇರುತ್ತಿತ್ತು. ಕೆಂಪು ನೂಲು ಕೇಳಿದವರಿಗೆ ನೀಲಿ ಕೊಟ್ಟು ಬೈಸಿಕೊಳ್ಳುತ್ತಿದ್ದ. ಮಕ್ಕಳ ಕೂಟದ ಪಾರ್ಕಿನ ಮರಗಳ ಕೆಳಗೆ ಮನೆಗೆ ನಡೆಯುವಾಗ ಬಸ್ಸುಗಳ ಸದ್ದೂ ನೀರಿನ ಸದ್ದಿನ ಹಾಗೆ ಕೇಳುತ್ತಿತ್ತು.

ಒಂದು ಸಂಜೆ ಅವಳು ಆಚೆ ದಡ ತೋರಿಸಿದಳು.

"ಭೂಷಣ್, ಅಲ್ಲಿ ಹಳದಿ ಮನೆ ಕಾಣ್ತಿದ್ಯಾ? ಕಿಟಕಿ ತೆಗೆದ್ರೆ ಹೊಳೆ. ಹಿತ್ತಲಲ್ಲಿ ಸೇಬಿನ ಗಿಡ. ಬಾಡಿಗೆಗೆ ಕೊಡ್ತಾರಂತೆ. ಭಾನುವಾರದೊಳಗೆ ಹೇಳ್ಬೇಕು."

"ತಗೋ, ಯೋಚ್ನೆನೇ ಮಾಡ್ಬೇಡ," ಎಂದ ನಾಗಭೂಷಣ್. ಆ ಕ್ಷಣದಿಂದಲೇ ಅವನು ಆ ಮನೆಯಲ್ಲಿ ವಾಸ ಮಾಡತೊಡಗಿದ್ದ.

ಮನೆಗೆ ಬಂದಾಗ ಅಕ್ಕ ಮಹಾನಂದ ರೊಟ್ಟಿ ಬೇಯಿಸುತ್ತಿದ್ದಳು. ಮಹಡಿ ಮನೆಯ ಆರಾಧನಾ ಹರಟೆಗೆಂದು ಬಂದು ಕೂತಿದ್ದಳು. ಆರಾಧನಾ ಹಿಂದೆ ಕೆನಡಾದಲ್ಲಿದ್ದವಳು. ತನ್ನ ಗಂಡನನ್ನು ಹೀಗೆಯೇ ಸ್ಪಾನ್ಸರ್ ಮಾಡಿ ಕರೆಸಿಕೊಂಡಿದ್ದಳು. ಈಗ ಇಬ್ಬರೂ ಬಸವನಗುಡಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ.

ನಾಗಭೂಷಣ್ ಹಳದಿ ಮನೆಯ ಸುದ್ದಿ ಹೇಳಿದ. ಆರಾಧನಾ ತಲೆಯೆತ್ತಿದಳು.

"ಸ್ವಲ್ಪ ತಡಿ. ಒಟ್ಟಾವಾ ಇರೋದು ಒಂಟಾರಿಯೋ ಪ್ರಾಂತ್ಯದಲ್ಲಿ. ಹೊಳೆ ಆಚೆ ಕ್ವಿಬೆಕ್ ಪ್ರಾಂತ್ಯ. ಅರ್ಜಿಯಲ್ಲಿ ಎಲ್ಲಿರ್ತೀವಿ ಅಂತ ಬರೆದಿದೀರಿ?"

"ಒಟ್ಟಾವಾ ಅಂತ."

ಮಹಾನಂದ ನಕ್ಕುಬಿಟ್ಟಳು. "ಚಾಮರಾಜಪೇಟೆ ಬಿಟ್ಟು ಪಕ್ಕದ ಹನುಮಂತನಗರದಲ್ಲಿ ಮನೆ ಮಾಡಿದ್ರೆ ಯಾರಾದ್ರೂ ಸರ್ಕಾರಕ್ಕೆ ಹೇಳ್ತಾರೇನೇ? ದೇಶ ಅದೇ ತಾನೆ?"

"ದೇಶ ಅದೇ ಅಕ್ಕಾ. ಆದ್ರೆ ಕ್ವಿಬೆಕ್‌ನವರ ನಿಯಮ ಬೇರೆ. ದೇಶದ ಸರ್ಕಾರ ಒಪ್ಪಿದ್ರೆ ಸಾಲ್ದು. ಗಂಡನ ಹೊಣೆ ನಂದು ಅಂತ ಶರಣ್ಯ ಆ ಪ್ರಾಂತ್ಯಕ್ಕೂ ಬೇರೆಯಾಗಿ ಬರ್ಕೊಡ್ಬೇಕು, ಅವ್ರೂ ಒಪ್ಬೇಕು. ಇಷ್ಟೇ ಅರ್ಜಿ ತಗೋತೀವಿ ಅಂತ ಅವ್ರು ಮಿತಿ ಹಾಕಿದ್ದೂ ಇದೆ. ಕಾಯೋದು ಜಾಸ್ತಿ ಆಗ್ಬಹುದು."

ರೊಟ್ಟಿ ಮುರಿಯುತ್ತಿದ್ದ ನಾಗಭೂಷಣನ ಕೈ ನಿಂತಿತು.

"ಹಾಗಾದ್ರೆ ಹೇಳೋದೇ ಬೇಡ," ಎಂದಳು ಮಹಾನಂದ. "ಅವಳು ಆಚೆ ಇರ್ಲಿ, ಅರ್ಜೀಲಿ ಒಟ್ಟಾವಾದ ಯಾರೋ ಸ್ನೇಹಿತೆ ಅಡ್ರೆಸ್ ಇರ್ಲಿ. ಯಾರು ಬಂದು ನೋಡ್ತಾರೆ? ನನ್ನ ತಮ್ಮ ಫೋನ್ ಜೊತೆ ಸಂಸಾರ ಮಾಡೋದನ್ನ ನೋಡಿ ನೋಡಿ ನಂಗೆ ಸಾಕಾಗಿದೆ." ಅವಳು ಮುಖ ತಿರುಗಿಸಿ ಹಂಚಿಗೆ ಇನ್ನೊಂದು ರೊಟ್ಟಿ ಹಾಕಿದಳು.

ಆರಾಧನಾ ಎದ್ದು ಹೋಗಿ ಅವಳ ಭುಜ ಹಿಡಿದಳು. "ಅಕ್ಕಾ, ಸುಳ್ಳು ಅಂತ ಗೊತ್ತಾದ್ರೆ ಅರ್ಜಿನೇ ತಳ್ಳಿಹಾಕ್ತಾರೆ. ಐದು ವರ್ಷ ಆ ದೇಶಕ್ಕೆ ಬರಲೇಬೇಡಿ ಅಂತಲೂ ಅನ್ನಬಹುದು. ಆಗ ಏನ್ ಮಾಡ್ತೀರಿ?"

ಹಂಚಿನ ಮೇಲಿದ್ದ ರೊಟ್ಟಿ ಕರಕಲಾಯಿತು.

"ನಾನು ಅರ್ಜಿ ಹಾಕಿ ವರ್ಷಗಳೇ ಆದವು, ನಿಯಮ ಬದಲಾಗಿರಬಹುದು," ಎಂದು ಆರಾಧನಾ ಮತ್ತೆ ಹೇಳಿದಳು. "ನನ್ನ ಮಾತನ್ನೇ ನಂಬಬೇಡಿ. ಅಲ್ಲಿನ ಸರ್ಕಾರದ ವೆಬ್‌ಸೈಟ್ ಈಗ್ಲೇ ಓದೋಣ. ಶರಣ್ಯನೂ ಅಲ್ಲಿ ಲೈಸೆನ್ಸ್ ಇರೋ ವಲಸೆ ಸಲಹೆಗಾರರನ್ನ ಕೇಳ್ಲಿ."

ಮೂವರೂ ಕೂತು ಓದಿದರು. ಆರಾಧನಾ ಹೇಳಿದ್ದು ನಿಜವಾಗಿತ್ತು. ಶರಣ್ಯ ವಿಚಾರಿಸಿದ ಸಲಹೆಗಾರರೂ ಅದನ್ನೇ ಹೇಳಿದರು.

ಶನಿವಾರದ ಸಂಜೆ ಶರಣ್ಯ ಕಾಲ್ ಮಾಡಿದಳು. ಬಹಳ ಹೊತ್ತು ಬರೀ ಹೊಳೆಯನ್ನೇ ತೋರಿಸಿದಳು. ಎಲೆಗಳು ಒಂದೊಂದಾಗಿ ನೀರಿಗೆ ಬಿದ್ದು, ಅವಸರವಿಲ್ಲದೆ ತೇಲಿ ಹೋಗುತ್ತಿದ್ದವು.

"ಆಚೆ ಹೋಗೋದಾದ್ರೆ ಹೋಗ್ತೀವಿ ಅಂತ ಹೇಳಿ, ಕ್ವಿಬೆಕ್‌ನವರ ಒಪ್ಪಿಗೆಗೆ ಕಾಯ್ಬೇಕು. ನಿಜವಾಗ್ಲೂ ಈಚೆನೇ ಇದ್ರೆ ಅರ್ಜಿ ಹೀಗೇ ನಡೆಯತ್ತೆ," ಎಂದಳು.

"ನಿಂಗೆ ಆ ಮನೆ ಅಷ್ಟು ಇಷ್ಟ ಆಗಿತ್ತಲ್ಲೇ."

"ನಿನ್ನೆ ಕನಸಲ್ಲಿ ಬಂದಿತ್ತು, ಭೂಷಣ್. ಕಿಟಕಿ ಹತ್ರ ಕೂತು ಕಾಫಿ ಕುಡೀತಿದ್ದೆ. ಹೊಳೆ ಮನೆಯೊಳಗೇ ಹರೀತಿತ್ತು, ಎಷ್ಟು ಚೆನ್ನಾಗಿತ್ತು ಗೊತ್ತಾ? ಆದ್ರೆ ಎದುರಿಗಿದ್ದ ಕುರ್ಚಿ ಖಾಲಿ ಇತ್ತು." ಫೋನನ್ನು ತನ್ನ ಕಡೆ ತಿರುಗಿಸಿದಳು. "ಈಚೆನೇ ಇರೋಣ."

ಹಳದಿ ಮನೆಗೆ ಬೇರೆ ಯಾರೋ ಬಂದರು. ಶರಣ್ಯ ಒಟ್ಟಾವಾದಲ್ಲೇ ಎರಡು ಕೋಣೆಯ ಮನೆ ಹಿಡಿದು, ಕೂಡಲೇ ಹೊಸ ವಿಳಾಸವನ್ನು ವಲಸೆ ಇಲಾಖೆಗೆ ತಿಳಿಸಿದಳು.

"ಅದೇ ಊರಲ್ಲಿ ಮನೆ ಬದಲಾಯಿಸಿದ್ದಕ್ಕೂ ಹೇಳ್ಬೇಕಾ?" ಎಂದು ಮಹಾನಂದ ಗೊಣಗಿದಳು.

"ಅವ್ರು ಏನೋ ಕೇಳಿ ಬರೆದಿದ್ದು ಹಳೇ ಮನೆಗೆ ಹೋಗಿ ಬಿದ್ರೆ?" ಎಂದಳು ಆರಾಧನಾ.

"ಅದೂ ಸರಿ ಬಿಡು."

ಚಾಮರಾಜಪೇಟೆಯಲ್ಲಿ ಹೊಂಗೆ ಹೂಬಿಟ್ಟು ಉದುರಿತು, ಮಳೆಗಾಲ ಬಂದು ಹೋಯಿತು. ನಡುವೆ ಒಮ್ಮೆ ವಲಸೆ ಇಲಾಖೆಯವರು ಇಬ್ಬರನ್ನೂ ಕೇಳಿದರು, ಎಲ್ಲಿ ಬದುಕುತ್ತೀರಿ ಎಂದು. ಇಬ್ಬರ ಉತ್ತರವೂ ಒಂದೇ ಆಗಿತ್ತು. ಯಾಕೆಂದರೆ ಅದು ನಿಜವಾಗಿತ್ತು. ಕೊನೆಗೆ ಒಪ್ಪಿಗೆ ಬಂತು. ನಾಗಭೂಷಣ್ ಅಂಗಡಿಯನ್ನು ಅಕ್ಕನಿಗೆ ಒಪ್ಪಿಸಿ ಹೊರಟ. ಒಂದು ಬೆಳಿಗ್ಗೆ ಮಹಾನಂದಳ ಫೋನಿಗೆ ಫೋಟೋ ಬಂತು. ಹಿಮದಲ್ಲಿ ಇಬ್ಬರೂ ಮೂಗು ಕೆಂಪಾಗಿಸಿಕೊಂಡು ಒಂದೇ ಶಾಲು ಹೊದ್ದು ನಿಂತಿದ್ದರು. ಅವಳು ಆ ಫೋಟೋವನ್ನು ಬಂದ ಗಿರಾಕಿಗಳಿಗೆಲ್ಲ ತೋರಿಸಿದಳು.

ಮೊನ್ನೆ ಮಲ್ಲೇಶ್ವರದ ಒಂದು ಮದುವೆ ಊಟದಲ್ಲಿ ಮಹಾನಂದಳ ಪಕ್ಕ ಶೈಲಜಮ್ಮ ಎನ್ನುವವರು ಕೂತಿದ್ದರು. ಅವರ ಮಗಳೂ ಕೆನಡಾದಿಂದ ಗಂಡನಿಗೆ ಅರ್ಜಿ ಹಾಕಿದ್ದಾಳಂತೆ, ಕ್ವಿಬೆಕ್ ಕಡೆ ಮನೆ ನೋಡುತ್ತಿದ್ದಾಳಂತೆ.

"ಹೇಳ್ದೇ ಇದ್ರೆ ಯಾರಿಗೆ ಗೊತ್ತಾಗತ್ತೆ ಬಿಡಿ," ಎಂದರು ಶೈಲಜಮ್ಮ.

ಮಹಾನಂದ ಕೈಯಲ್ಲಿದ್ದ ಹೋಳಿಗೆಯನ್ನು ಎಲೆಗೆ ಇಟ್ಟಳು. "ಅಮ್ಮಾ, ನಾನೂ ಹಂಗೇ ಅಂದವಳೇ. ಇಲ್ಲಿ ಕೇಳಿ..." ಎಂದು ಶುರು ಮಾಡಿದಳು. ಮಜ್ಜಿಗೆ ಬಂತು, ಪಂಕ್ತಿ ಎದ್ದಿತು. ಅವರಿಬ್ಬರು ಏಳಲಿಲ್ಲ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಅರ್ಜಿ ನಡೆಯುತ್ತಿದ್ದರೆ ಮನೆ ಬದಲಿಸುವ ಮೊದಲು ವಿಚಾರಿಸಿ. ಪ್ರಾಂತ್ಯ ಬದಲಾದರೆ ನಿಯಮವೂ ಬದಲಾಗಬಹುದು. ವಿಳಾಸ ಬದಲಾದರೆ ತಪ್ಪದೆ ತಿಳಿಸಿ. ಯಾರೋ ಹೇಳಿದರೆಂದು ಸುಳ್ಳು ವಿಳಾಸ ಕೊಡಬೇಡಿ. ಸರ್ಕಾರದ ವೆಬ್‌ಸೈಟ್ ಓದಿ, ಲೈಸೆನ್ಸ್ ಇರುವ ಸಲಹೆಗಾರರನ್ನೇ ಕೇಳಿ. ಒಳ್ಳೆಯ ಮನೆ ಆಮೇಲೂ ಸಿಗುತ್ತದೆ. ಮೊದಲು ನಿಮ್ಮವರು ನಿಮ್ಮನ್ನು ಸೇರಲಿ.