ದನಿಯ ನಡುವಿನ ಬಿಡುವು

"ಒಳಗೆ ಪಾಠ ಹೇಳ್ತಿರೋದು ನಾನಾದ್ರೆ, ಇಲ್ಲಿ ಚಪ್ಪಲಿ ಬಿಡ್ತಿರೋದು ಯಾರು?"

ಟೀಚರಮ್ಮ ಯಾರನ್ನೂ ಕೇಳಿದ್ದಲ್ಲ. ಬಾಗಿಲಲ್ಲಿ ಇದ್ದದ್ದು ಮಕ್ಕಳ ಚಪ್ಪಲಿ ಮಾತ್ರ. ತಂಗಿಯ ಹೆರಿಗೆಗೆಂದು ಹೋದವಳು ಇಪ್ಪತ್ತು ದಿನದ ಮೇಲೆ ಮರಳಿದ್ದಳು. ಒಳಗಿನಿಂದ ಅವಳದೇ ದನಿ ಏಳರ ಮಗ್ಗಿ ಹೇಳಿಸುತ್ತಿತ್ತು.

ರಟ್ಟಿನ ಪೆಟ್ಟಿಗೆ ಮಾಡುವ ಶೆಡ್ಡಿನ ಹಿಂದಿನ ಕೋಣೆ ಅದು. ಮುಂದೆ ತಾಯಂದಿರು ರಟ್ಟು ಮಡಚುತ್ತಿದ್ದರೆ, ಹಿಂದೆ ಮಕ್ಕಳು ಅದೇ ರಟ್ಟು ಹಾಸಿಕೊಂಡು ಕೂತು ಓದುತ್ತಿದ್ದರು. ಬೇರೆ ಶಾಲೆ ಅವರ ಪಾಲಿಗೆ ಇರಲಿಲ್ಲ. ಹದಿನೈದು ವರ್ಷದಿಂದ ಇದಕ್ಕೆ ಮೇಷ್ಟ್ರು, ಆಯಾ, ಗಂಟೆ ಎಲ್ಲ ಅವಳೊಬ್ಬಳೇ.

ಇಣುಕಿ ನೋಡಿದಳು. ಅವಳ ಕುರ್ಚಿಯಲ್ಲಿ ಯಾರೋ ಹೊಸ ಹುಡುಗಿ ಹಾಜರಿ ಹಾಕುತ್ತಿದ್ದಳು. ಮೇಜಿನ ಮೇಲೆ ಇಟ್ಟಿಗೆ ಗಾತ್ರದ ಕರಿ ಪೆಟ್ಟಿಗೆ.

"ಏಳು ನಾಲ್ಕಲೆ?" ಎಂದು ಕೇಳಿತು ಪೆಟ್ಟಿಗೆ.

"ಇಪ್ಪತ್ತೆಂಟು," ಎಂದವು ಮಕ್ಕಳು.

ಪೆಟ್ಟಿಗೆ ಸುಮ್ಮನಾಯಿತು. ಅವೂ ಕಾದವು. ಕಿಟಕಿ ಪಕ್ಕದ ಹುಡುಗಿಗೆ ಮಾತು ಹೊರಡುವುದು ತಡವಾಗುತ್ತಿತ್ತು. "ಇಪ್... ಇಪ್ಪ... ಇಪ್ಪತ್ತೆಂಟು" ಎಂದು ಅವಳು ದಡ ಮುಟ್ಟಿದ ಮೇಲೆಯೇ ಪೆಟ್ಟಿಗೆ, "ಹೂಂ ಕಂದಾ, ಸರಿ" ಎಂದಿತು.

"ಟೀಚರಮ್ಮ ಬಂದ್ರು," ಎಂದು ಹಲ್ಲಿಲ್ಲದ ತುಂಟಿಯೊಬ್ಬಳು ಎದ್ದು ನಿಂತಳು. "ಈ ಪೆಟ್ಟಿಗೆ ಟೀಚರಮ್ಮ ಬೈಯೋದೇ ಇಲ್ಲ, ಗೊತ್ತಾ? ಕೆಮ್ಮೋದೂ ಇಲ್ಲ."

ಎಲ್ಲರೂ ನಕ್ಕರು.

ಬೆನ್ನ ಹಿಂದೆ ಗುಬ್ಬಿ ನಿಂತಿದ್ದಳು. ಇದೇ ಕೋಣೆಯಲ್ಲಿ ಓದಿದವಳು, ಈಗ ಶಾಲೆ ನಡೆಸುವ ಸಂಸ್ಥೆಯಲ್ಲಿ ಮೇಲ್ವಿಚಾರಕಿ. ಬೇಸಿಗೆ ರಜೆಯಲ್ಲಿ ಕಿಟಕಿಗೆ ಕಂಬಳಿ ಇಳಿಬಿಟ್ಟು, ಸದ್ದಾಗುತ್ತದೆಂದು ಫ್ಯಾನೂ ಆರಿಸಿ, ನಲವತ್ತು ದಿನ ಕೂರಿಸಿ ಪಾಠಗಳನ್ನೆಲ್ಲ ಓದಿಸಿ ಮುದ್ರಿಸಿಕೊಂಡಿದ್ದವಳು ಇವಳೇ. "ನಿಮಗೆ ಹುಷಾರಿಲ್ಲದ ದಿನ ಮಕ್ಕಳಿಗೆ ಪಾಠ ತಪ್ಪಬಾರದು, ಅಷ್ಟೇ" ಎಂದಿದ್ದಳು. ಗಂಟಲು ಒಣಗಿದಾಗ ಬಿಸಿನೀರು ಕೊಟ್ಟವಳೂ ಇವಳೇ.

"ನನಗೇನೂ ಜ್ವರ ಬಂದಿಲ್ವಲ್ಲೇ," ಎಂದಳು ಟೀಚರಮ್ಮ.

"ನಾನೇ ಮನೆಗೆ ಬಂದು ಹೇಳೋಣ ಅಂತಿದ್ದೆ."

"ನಾಳೆ ನಾನು ಬರಬೇಕೋ, ಬೇಡ್ವೋ?"

"ಬೇಡ ಟೀಚರಮ್ಮ. ನೋಡ್ಕೊಳ್ಳೋಕೆ ಒಬ್ಬ ಹುಡುಗಿ ಸಾಕು ಅಂತ ಮೇಲಿನವರು ತೀರ್ಮಾನ ಮಾಡಿದಾರೆ."

"ಅವರಿಗೆ ಇದು ಹೊಳೆದದ್ದು ಹೇಗೆ?"

ಗುಬ್ಬಿ ಸೆರಗಿನ ಅಂಚು ನೋಡಿಕೊಂಡಳು. "ಬರೆದುಕೊಟ್ಟಿದ್ದು ನಾನೇ. ನಮ್ಮ ಬೇರೆ ಹದಿನೆಂಟು ಕೇರೀಲಿ ಪಾಠ ಹೇಳೋರೇ ಇರಲಿಲ್ಲ. ಈಗ ಅಷ್ಟೂ ಕಡೆ ನೀವಿದೀರಿ."

"ಇಲ್ಲೊಂದು ಕಡೆ ಬಿಟ್ಟು."

ಗುಬ್ಬಿ ದನಿ ಮೆತ್ತಗೆ ಮಾಡಿಕೊಂಡು ಹತ್ತಿರ ಬಂದಳು. "ಮುಂದಿನ ತರಗತೀದೂ ಒಂದ್ಸಲ ಓದಿಕೊಟ್ಟುಬಿಡಿ. ಮಕ್ಕಳಿಗೆ ನಿಮ್ಮ ದನಿಯೇ ಬೇಕಂತೆ. ಆದ್ರೆ ಪ್ರಶ್ನೆ ಕೇಳಿ ಅಷ್ಟೊತ್ತು ಸುಮ್ನಿದ್ದುಬಿಡ್ತೀರಲ್ಲ, ಈ ಸಲ ಅದೊಂದು ಬೇಡ. ಬೇರೆ ಕಡೆ ಮಕ್ಕಳು ಪೆಟ್ಟಿಗೆ ಕೆಟ್ಟೋಯ್ತು ಅಂತ ಎದ್ದು ಓಡ್ತಾವೆ."

ಎಷ್ಟು ಸಲೀಸಾಗಿ ಮಾತಾಡುತ್ತಾಳೆ, ನಲ್ಲಿ ತಿರುಗಿಸಿದ ಹಾಗೆ. ಹದಿನೈದು ವರ್ಷದ ಹಿಂದೆ ಇದೇ ಕಿಟಕಿಯ ಪಕ್ಕ ಕೂತು, ಗುಬ್ಬಿ ಕಾಳು ಹೆಕ್ಕುವಂತೆ ಒಂದೊಂದೇ ಅಕ್ಷರ ಹೆಕ್ಕಿ ಹೆಕ್ಕಿ ಆಡುತ್ತಿದ್ದವಳು. ಆ ಹೆಸರು ಅಂಟಿದ್ದೇ ಹಾಗೆ. ಅವಳ ಮಾತು ಮುಗಿಯುವವರೆಗೆ ಉಳಿದ ಮಕ್ಕಳನ್ನೆಲ್ಲ ಒಂದು ಬೆರಳಲ್ಲಿ ಹಿಡಿದು ನಿಲ್ಲಿಸುವುದನ್ನು ಟೀಚರಮ್ಮ ಆಗಲೇ ಕಲಿತದ್ದು. ಕಂಬಳಿ ಕಟ್ಟಿದ ಕೋಣೆಯಲ್ಲಿ ಕಣ್ಣು ಮುಚ್ಚಿ ಓದುವಾಗಲೂ, ಪ್ರತಿ ಪ್ರಶ್ನೆ ಆದಮೇಲೆ ಅಷ್ಟು ಜಾಗ ತಾನಾಗಿ ಬಿಟ್ಟುಹೋಗುತ್ತಿತ್ತು.

"ಏನಂತೀರಾ?"

ಟೀಚರಮ್ಮ ಅವಳ ಮುಖವನ್ನೇ ನೋಡುತ್ತ ಸುಮ್ಮನಿದ್ದಳು. ಗುಬ್ಬಿ ಕೈಗಡಿಯಾರ ನೋಡಿದಳು. ಒಳಗೆ ಪೆಟ್ಟಿಗೆ, "ಏಳು ಐದಲೆ?" ಎಂದು ಕೇಳಿ ಕಾಯತೊಡಗಿತ್ತು.

"ಆಗಲ್ಲ," ಎಂದಳು ಟೀಚರಮ್ಮ, ಮಕ್ಕಳ ಚಪ್ಪಲಿಗಳ ನಡುವೆ ತನ್ನದನ್ನು ಕಾಲಿಂದ ಹುಡುಕುತ್ತ. "ಓದಿಕೊಡಲ್ಲ."