ಅತ್ತೆ ಮಡಿ ಮಾಡಿದ ಗಿಟಾರು

ಹರಾಜು ಅಂದರೆ ಸಾಕು, ನಮ್ಮ ಮನೆಯವರ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಹೊಸಪೇಟೆಯ ಆಚೆ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕೆಲಸ ಶುರುವಾಗಿ ಒಂದು ವರ್ಷವಾಗಿತ್ತು. ಇವರು ಅಲ್ಲಿನ ಕ್ಯಾಂಪಿನ ಉಗ್ರಾಣದಲ್ಲಿ ಗುಮಾಸ್ತರು. ಯಾರೋ ಬಿಟ್ಟುಹೋದ, ಮತ್ತೆ ಯಾರೂ ಕೇಳಲು ಬಾರದ ಸಾಮಾನುಗಳನ್ನು ಅಲ್ಲಿ ಆಗಾಗ ಕೂಗಿ ಮಾರುತ್ತಿದ್ದರು. ಹೀಗೆ ನಮ್ಮ ಮನೆಗೆ ಗಂಟೆ ಹೊಡೆಯದ ಗಡಿಯಾರ, ಕನ್ನಡಿಯಿಲ್ಲದ ಚೌಕಟ್ಟು, ಕೂತರೆ ಒಂದು ಕಡೆ ವಾಲುವ ಕುರ್ಚಿ ಎಲ್ಲ ಬಂದು ಸೇರಿದ್ದವು. ಬೇಡ ಅಂದರೂ ಇವರು ಕೇಳುವವರಲ್ಲ.

ಆ ದಿನ ಜಟಕಾದಿಂದ ಇಳಿದವರ ಕೈಯಲ್ಲಿ ಉದ್ದನೆಯ ಕರೀ ಪೆಟ್ಟಿಗೆಯಿತ್ತು. ಕಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಎರಡು ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ವಾದ್ಯ. ಬುರುಡೆಯಿಲ್ಲ, ಟೊಳ್ಳು ಹೊಟ್ಟೆಯಿಲ್ಲ, ಬರೀ ಗಟ್ಟಿ ಮರ. ಆರು ತಂತಿಯಲ್ಲಿ ನಾಲ್ಕು ಹರಿದು ಸುರುಳಿ ಸುತ್ತಿದ್ದವು. ತಂತಿ ಹಾಯುವ ದಾರಿಯಲ್ಲಿ ಕುದುರೆ ಲಾಳದಂಥ ಎರಡು ಕಬ್ಬಿಣದ ಪಟ್ಟಿ ಕಮಾನಿನ ಹಾಗೆ ನಿಂತಿದ್ದವು. ಪೆಟ್ಟಿಗೆಯ ಮೂಲೆಯಲ್ಲಿ ಬೆರಳುದ್ದದ, ಉರುಳೆಯಂಥ ಒಂದು ಉಕ್ಕಿನ ಗುಂಡು.

“ಇದಕ್ಕ ಗಿಟಾರು ಅಂತಾರ. ಕರೆಂಟಿನ ಗಿಟಾರು,” ಅಂದರು ಇವರು. “ವೀಣಿಗಿಂತ ಸಣ್ಣದು, ಹಗುರ ಅದ. ನಿನ್ನ ಕೈಗೆ ಆದೀತು ಅಂತ ತಂದೆ.”

ನನಗೆ ಮೈಯೆಲ್ಲ ಉರಿಯಿತು. “ದೊಡ್ಡದು ಒತ್ತಲಾರದ ಬೆರಳು ಸಣ್ಣದು ಒತ್ತತಾವೇನ್ರಿ?” ಅಂದೆ. ಇವರು ಮುಖ ಸಣ್ಣದು ಮಾಡಿಕೊಂಡು ಮುಚ್ಚಳ ಹಾಕಿದರು.

ನನ್ನ ಸಿಟ್ಟಿಗೆ ಕಾರಣ ಹೇಳಬೇಕು. ಮೂರು ವರ್ಷದ ಹಿಂದಿನವರೆಗೆ ನಾನು ವೀಣೆ ನುಡಿಸುತ್ತಿದ್ದೆ. ಹೆಣ್ಣು ನೋಡಲು ಬಂದವರ ಮುಂದೆ ಒಂದು ಹಾಡು ನುಡಿಸಿ ಮೂಲೆಗಿಡುವ ವೀಣೆಯಲ್ಲ ನನ್ನದು. ಒಂದು ದಿನ ತಪ್ಪಿದರೆ ಊಟ ರುಚಿಸುತ್ತಿರಲಿಲ್ಲ. ಆಮೇಲೆ ನೆಂಟರ ಮನೆಯ ಮುಂಜಿಯಲ್ಲಿ ಬಾಳೆಲೆ ತರಲೆಂದು ಅಡಿಗೆಮನೆಗೆ ಹೋದೆ. ನಮ್ಮತ್ತೆ ಲಕ್ಷ್ಮೀಬಾಯಿ ಮಡಿಯಲ್ಲಿದ್ದರು. ನಾನು ಮಡಿಯಲ್ಲಿರಲಿಲ್ಲ. “ಆಚಿ ಸರಿ, ಸರಿ, ಮುಟ್ಟಿಗಿಟ್ಟೀ,” ಅಂದರು. ಮುಟ್ಟಬಾರದೆಂದು ಥಟ್ಟನೆ ಹಿಂದಕ್ಕೆ ಸರಿದೆ. ಹಿಂದೆ ಎಣ್ಣೆ ಕಾಯುತ್ತಿದ್ದ ಬಾಣಲೆಯಿತ್ತು.

ಗಾಯವೇನೋ ಮಾಯಿತು. ಆದರೆ ಚರ್ಮ ಬಿಗಿದುಕೊಂಡು ಎಡಗೈಯ ಮೂರು ಬೆರಳು ಒಳಕ್ಕೆ ಬಾಗಿ ಹಾಗೆಯೇ ನಿಂತುಬಿಟ್ಟವು. ನಾನು ಯಾರ ಮುಂದೆಯೂ ಅಳಲಿಲ್ಲ. ‘ಮನೆಗೆಲಸದಾಗ ಪುರುಸೊತ್ತಿಲ್ಲ, ನನಗೂ ಬ್ಯಾಸರಾಗ್ಯದ’ ಎಂದು ಎಲ್ಲರಿಗೂ ಹೇಳಿ, ವೀಣೆಯನ್ನು ಸಂಡೂರಿನಲ್ಲಿದ್ದ ಚಿಕ್ಕಪ್ಪನ ಮಗಳಿಗೆ ಕಳಿಸಿಬಿಟ್ಟೆ. ಆ ದಿನದ ಮಾತನ್ನು ಅತ್ತೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಒಂದೇ ಸೂರಿನ ಕೆಳಗೆ ಅದರ ಸುತ್ತಲೇ ಓಡಾಡಿಕೊಂಡಿದ್ದೆವು.

ಈಗ ಅತ್ತೆ ಹೊಸ್ತಿಲ ಒಳಗೇ ನಿಂತು ಪೆಟ್ಟಿಗೆಯನ್ನು ನೋಡಿದರು. “ಯಾರದೋ ಗೋಪಿ ಇದು?” ಎಂದು ಮಗನನ್ನು ಕೇಳಿದರು.

ಇವರಿಗೇ ಗೊತ್ತಿರಲಿಲ್ಲ. ಬಳ್ಳಾರಿ ದಂಡಿನ ಬಿಳೀ ಸೋಜರನದು ಎಂದು ಒಬ್ಬ ಹೇಳಿದನಂತೆ. ಗುಂತಕಲ್ಲಿನ ರೈಲ್ವೆ ಗಾರ್ಡಿನದು ಎಂದು ಇನ್ನೊಬ್ಬ. ನದಿಯ ಬಂಡೆ ಪರೀಕ್ಷೆ ಮಾಡಲು ಬಂದು ಚಳಿಜ್ವರ ಹತ್ತಿ ವಾಪಸು ಹೋದ ದೊರೆಯೊಬ್ಬನದು ಎಂದು ಮತ್ತೊಬ್ಬ. ವಾದ್ಯದ ತಲೆಯ ಮೇಲೆ ಹೆಸರಿನ ತಗಡು ಇದ್ದ ಗುರುತಿಗೆ ಎರಡು ಮೊಳೆಯ ತೂತು ಮಾತ್ರ ಉಳಿದಿದ್ದವು.

“ಅಂದ್ರ, ಏನು ತಿಂದ ಕೈಲೆ ಮುಟ್ಟಿದ್ದೋ ಏನೋ,” ಅಂದರು ಅತ್ತೆ. ಪೆಟ್ಟಿಗೆ ಕಟ್ಟೆಯ ಮೇಲೇ ಉಳಿಯಿತು.

ಮರುದಿನ ನಾನು ಅಂಗಳಕ್ಕೆ ನೀರು ಹಾಕುವಾಗ ಪೆಟ್ಟಿಗೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಒಳಗೆ ಏನೂ ಇರಲಿಲ್ಲ. ಕಳ್ಳರು ಬಂದರೆಂದು ಇವರು ಪಂಚೆ ಎತ್ತಿ ಕಟ್ಟಿ ಬೀದಿಗಿಳಿದರು. ಅಷ್ಟರಲ್ಲಿ ಬಸವಣ್ಣ ಕಾಲುವೆಯ ಕಡೆಯಿಂದ ನಮ್ಮತ್ತೆ ಬಂದರು. ಕೆಂಪು ಸೀರೆ ಒದ್ದೆ. ಕಂಕುಳಲ್ಲಿ ಗಿಟಾರು. ಅದರಿಂದ ಹನಿ ಹನಿಯಾಗಿ ದಾರಿಯುದ್ದಕ್ಕೂ ನೀರು ಸುರಿಯುತ್ತಿತ್ತು.

“ಮೂರು ಸರ್ತಿ ಮುಳುಗಿಸೀನಿ,” ಅಂದರು ತೃಪ್ತಿಯಿಂದ. “ಕಬ್ಬಿಣದ ಭಾಗ ಎಲ್ಲಾ ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕೀನಿ. ಈಗ ಒಳಗ ತರಲಿಕ್ಕೆ ಅಡ್ಡಿಯಿಲ್ಲ.”

ಇವರು ಹಣೆಗೆ ಕೈ ಹಚ್ಚಿ ಅಲ್ಲೇ ಕೂತರು. “ಅಮ್ಮಾ, ಕರೆಂಟಿನ ವಾದ್ಯ ಅದು. ನೀರು ತಾಗಬಾರದು.”

ಅತ್ತೆಯ ಮುಖದ ತೃಪ್ತಿ ಒಮ್ಮೆಲೇ ಇಳಿಯಿತು. “ನಂಗೇನು ಗೊತ್ತಪ್ಪಾ?” ಅಂದವರು ನನ್ನ ಕಡೆ ತಿರುಗದೆಯೇ ಹೇಳಿದರು. “ಮಡಿ ಆಗದಿದ್ರ ಇಕಿ ನಡುಮನಿಯೊಳಗ ಕೂತು ಹೆಂಗ ಬಾರಿಸ್ಯಾಳು?”

ಆ ಮಾತು ನನಗೆ ನಾಟಿತು. ಆದರೆ ಆಗ ಅದನ್ನು ತೋರಿಸಿಕೊಳ್ಳಲಿಲ್ಲ. ‘ನಾ ಯಾಕ ಬಾರಿಸಲಿ’ ಎಂದು ಗೊಣಗಿ ಒಳಗೆ ಹೋದೆ.

ಎಂಟು ದಿನ ಗಿಟಾರು ಮಾಳಿಗೆಯ ಮೇಲೆ ಸಂಡಿಗೆಯ ಪಕ್ಕದಲ್ಲಿ ಒಣಗಿತು. ಕಾಗೆ ಓಡಿಸಲು ನಾನು ಎರಡಕ್ಕೂ ಕಾವಲು. ಮೊದಲು ಅದರ ಕಡೆ ಬೆನ್ನು ಹಾಕಿ ಕೂರುತ್ತಿದ್ದೆ. ನಾಲ್ಕನೆಯ ದಿನ ಸ್ವಲ್ಪ ತಿರುಗಿದೆ. ಬಲಗೈ ಊರುವ ಜಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು. ಸೋಜರನೋ ಗಾರ್ಡನೋ ದೊರೆಯೋ, ಯಾರೇ ಆಗಲಿ, ಬಿಡದೆ ನುಡಿಸಿದವನು. ಅಂಥವನಿಗೆ ಇದನ್ನು ಬಿಟ್ಟುಹೋಗಲು ಮನಸ್ಸು ಹೇಗೆ ಬಂತೋ ಎಂದು ಯೋಚಿಸಿದೆ. ನಾನೂ ಬಿಟ್ಟವಳೇ ಎಂದು ಆಮೇಲೆ ನೆನಪಾಯಿತು.

ಒಣಗಿದ ಮೇಲೆ ಇವರು ಕಂಪ್ಲಿಯಿಂದ ಮೂಕಪ್ಪನನ್ನು ಕರೆಸಿದರು. ಸುತ್ತಲಿನ ಊರುಗಳ ವೀಣೆ, ತಂಬೂರಿ, ಹಾರ್ಮೋನಿಯಂ ಎಲ್ಲ ಅವನ ಕೈಯಲ್ಲೇ ರಿಪೇರಿ. ಹೆಸರು ಮೂಕಪ್ಪ ಆದರೂ ಬಾಯಿಗೆ ಬಿಡುವಿಲ್ಲ. ಅವನು ಉಳಿ ಹಿಡಿದು ಬಗ್ಗಿದ್ದೇ ತಡ, ಉಳಿ ಹಾರಿ ಹೋಗಿ ಲಾಳಕ್ಕೆ ಅಂಟಿಕೊಂಡಿತು.

“ಸೂಜಿಗಲ್ಲು ಐತಿ ಸ್ವಾಮ್ಯಾರ, ಭಾಳ ಜೋರೈತಿ,” ಅಂದ. ಲಾಳ ಬಿಚ್ಚಿದರೆ ಕೆಳಗೆ ಕೂದಲಿಗಿಂತ ತೆಳುವಾದ ತಂತಿಯನ್ನು ಸಾವಿರ ಸುತ್ತು ಸುತ್ತಿದ ಒಂದು ಕಟ್ಟು. “ಇದು ಇದರ ಹೊಟ್ಟ್ಯಾಗಿನ ಕಳ್ಳು. ಸುತ್ತು ಸಡಿಲಾಗ್ಯಾವು. ಹರಿದಿಲ್ಲ, ಪುಣ್ಯ.”

ಕರೆಂಟಿನ ವಿದ್ಯೆ ಅವನಿಗೆ ಬಾರದು. ಆದರೆ ವೀಣೆಯ ಮೆಟ್ಟಿಲು ಕೂರಿಸಲು ಜೇನುಮೇಣ ಕಾಯಿಸುವುದು ಬರುತ್ತದೆ. ಸಡಿಲವಾದದ್ದಕ್ಕೆಲ್ಲ ಮೇಣ ಹಾಕುವುದು ಅವನ ಪದ್ಧತಿ. ಇಲ್ಲೂ ಅದನ್ನೇ ಮಾಡಿದ. ಮೇಣವನ್ನು ನೀರಿನಷ್ಟು ತೆಳ್ಳಗೆ ಕರಗಿಸಿ, ಆ ಕಟ್ಟಿನ ಮೇಲೆ ಹನಿ ಹನಿಯಾಗಿ ಬಿಟ್ಟು, ಅದು ಕುಡಿದಷ್ಟು ಕುಡಿಸಿದ. ತಂತಿ ಬಿಗಿಮಾಡುವ ಕಿವಿಗಳಲ್ಲಿ ಮುರಿದಿದ್ದ ಎರಡಕ್ಕೆ ಬೀಟೆ ಮರದ ಹಿಡಿ ಕೆತ್ತಿ ಹಾಕಿದ. ಹಳೇ ತಂತಿ ಕಿತ್ತು ವೀಣೆಯ ತಂತಿ ಬಿಗಿದ. ಮೇಲಿನ ನಾಲ್ಕು ಉಕ್ಕಿನವು, ಕೆಳ ಸ್ಥಾಯಿಯ ಎರಡು ಹಿತ್ತಾಳೆಯವು. ಎಣ್ಣೆ ಹಚ್ಚಿ ಒರೆಸಿದ ಮೇಲೆ ಕರೀ ಮರ ಹೊಳೆಯಿತು.

ಆದರೆ ತಂತಿ ಒತ್ತಲು ಅವನಿಗೇ ಆಗಲಿಲ್ಲ. ಮರದಿಂದ ತಂತಿ ಅರ್ಧ ಬೆರಳು ಎತ್ತರದಲ್ಲಿತ್ತು. ಇವರು ಒತ್ತಿದರು. ಬೆರಳಿಗೆ ಗೆರೆ ಬಿತ್ತೇ ಹೊರತು ತಂತಿ ಕೆಳಗೆ ಮುಟ್ಟಲಿಲ್ಲ.

“ಮಾಡಿದಾವ ತಪ್ಪು ಮಾಡ್ಯಾನ,” ಎಂದು ಮೂಕಪ್ಪ ತೀರ್ಮಾನ ಕೊಟ್ಟ. “ತಲಿ ಕಡೆ ಈ ಪಟ್ಟಿ ಎತ್ತರಾಗೈತಿ. ಉಕ್ಕಿಂದು, ನನ್ನ ಅರ ಇಲ್ಲಿಲ್ಲ. ನಾಳೆ ತಂದು ತಿಕ್ಕಿ ಇಳಿಸ್ತೀನ್ರಿ. ಎಳೇ ಕೂಸೂ ಒತ್ತಬೇಕು, ಹಂಗ ಮಾಡ್ತೀನಿ.”

ಇವರು ತಲೆಯಾಡಿಸಿದರು. ಎಷ್ಟು ಇಳಿಸಿದರೂ ನನ್ನ ಬೆರಳಿಗೆ ಅದು ಒಂದೇ.

ಮರುದಿನ ದ್ವಾದಶಿ. ಪಾಯಸಕ್ಕೆ ಏಲಕ್ಕಿ ಪುಡಿ ಮಾಡಿಕೊಡಲು ಅತ್ತೆ ಹೇಳಿದರು. ಪೆಟ್ಟಿಗೆಯಲ್ಲಿದ್ದ ಉಕ್ಕಿನ ಗುಂಡನ್ನು ಅವರು ಅವತ್ತೇ ಕಾಲುವೆಯಲ್ಲಿ ತೊಳೆದು ಅಡಿಗೆಮನೆಗೆ ಸೇರಿಸಿಕೊಂಡಿದ್ದರು. ಏಲಕ್ಕಿ, ಮೆಣಸು ಅರೆಯಲು ಹೇಳಿ ಮಾಡಿಸಿದಂತಿತ್ತು. ಬಲಗೈಯಲ್ಲಿ ಸಿಪ್ಪೆ ಆರಿಸುತ್ತ ಗುಂಡನ್ನು ಎಡಗೈಯಲ್ಲಿ ಹಿಡಿದು ಉರುಳಿಸುತ್ತಿದ್ದೆ. ಆಗ ನನಗೇ ಆಶ್ಚರ್ಯವಾಯಿತು. ನನ್ನ ಎಡಗೈಯಲ್ಲಿ ಮೂರು ವರ್ಷದಿಂದ ಲೋಟವೂ ಸರಿಯಾಗಿ ನಿಲ್ಲುತ್ತಿರಲಿಲ್ಲ. ಈ ಗುಂಡು ಮಾತ್ರ ಬಾಗಿದ ಮೂರು ಬೆರಳ ನಡುವೆ ಅಲುಗದೆ ಕೂತಿತ್ತು.

ತಿರುಗಿಸಿ ನೋಡಿದೆ. ಒಂದು ಮಗ್ಗುಲಲ್ಲಿ ಮಾತ್ರ ಹೊಳಪು ಸವೆದು ಮಾಸಿತ್ತು. ಏಲಕ್ಕಿ ಅರೆದರೆ ಹಾಗೆ ಸವೆಯುವುದಿಲ್ಲ. ಇದು ಏನನ್ನೋ ಬಹಳ ಕಾಲ ಸವರಿ ಸವೆದದ್ದು.

ಚಿಕ್ಕವಳಿದ್ದಾಗ ಅಪ್ಪ ನನ್ನನ್ನು ಹರಿಗೋಲಿನಲ್ಲಿ ಹೊಳೆ ದಾಟಿಸಿ ಆನೆಗುಂದಿಯ ಆರಾಧನೆಗೆ ಕರೆದೊಯ್ದಿದ್ದರು. ಅಲ್ಲಿ ತೆಂಕಣದಿಂದ ಬಂದ ಮುದುಕರೊಬ್ಬರು ಗೋಟುವಾದ್ಯ ನುಡಿಸಿದ್ದರು. ಅವರು ತಂತಿ ಒತ್ತುತ್ತಿರಲಿಲ್ಲ. ಎಡಗೈಯಲ್ಲಿ ಒಂದು ಮರದ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಿದ್ದರು. ಲಟ್ಟಣಿಗೆಯ ತುಂಡು ತಂದಿದ್ದಾರೆಂದು ನಾನು ನಕ್ಕು ಬೈಸಿಕೊಂಡಿದ್ದೆ. ಎಷ್ಟೋ ವರ್ಷದ ಮೇಲೆ ಆ ಬೈಗುಳ ನೆನಪಾಗಿ ಗುಂಡನ್ನು ಗಾಳಿಯಲ್ಲೇ ಆಚೀಚೆ ಜಾರಿಸಿದೆ.

ಅಷ್ಟು ಹೊತ್ತಿಗೆ ನಡುಮನೆಯಿಂದ ಮೂಕಪ್ಪನ ದನಿ. ಅವನು ಅರ ತಂದು ಪಟ್ಟಿಯ ಮೇಲೆ ಇಡುತ್ತಿದ್ದ.

“ಮೂಕಪ್ಪಾ, ನಿಲ್ಲಿಸು,” ಎಂದು ಕೂಗಿದೆ. “ಅದನ್ನ ಮುಟ್ಟಬ್ಯಾಡ.”

ಏಲಕ್ಕಿ ಚೆಲ್ಲಿತು. ಓಡಿಹೋಗಿ ಗಿಟಾರನ್ನು ಅವನ ಕೈಯಿಂದ ಕಿತ್ತುಕೊಂಡು ನೆಲದ ಮೇಲೆ ಕೂತು ತೊಡೆಯ ಮೇಲೆ ಮಲಗಿಸಿಕೊಂಡೆ. ಗುಂಡನ್ನು ತಂತಿಯ ಮೇಲಿಟ್ಟು, ಬಲಗೈಯಿಂದ ಮೀಟಿ, ಮೆಲ್ಲಗೆ ಜಾರಿಸಿದೆ. ಗಟ್ಟಿ ಮರವಲ್ಲವೆ, ಸೊಳ್ಳೆಯಷ್ಟೇ ಸದ್ದು. ಆದರೆ ಷಡ್ಜದಿಂದ ಪಂಚಮಕ್ಕೆ ಅದು ಎಲ್ಲೂ ಮುರಿಯದೆ ಏರಿತು. ತಂತಿ ಎತ್ತರಕ್ಕಿದ್ದದ್ದು ತಪ್ಪಾಗಿರಲಿಲ್ಲ, ಬೇಕೆಂದೇ ಹಾಗಿತ್ತು.

ಬ್ಯಾಸರಾಗ್ಯದ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಇವರು, ನಮ್ಮತ್ತೆ, ಮೂಕಪ್ಪ, ಮೂವರ ಎದುರೂ ಕೂತು ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ. ಮೂಕಪ್ಪ ಅರವನ್ನು ಚೀಲಕ್ಕೆ ಹಾಕಿ, “ಮಾಡಿದಾವ ತಿಳಿದಾವನೇ ಬಿಡ್ರಿ,” ಅಂದ.

ಇನ್ನು ಉಳಿದದ್ದು ಒಂದೇ. ಕಾಲುವೆಯಲ್ಲಿ ಮಿಂದ ಆ ಕರುಳಿಗೆ ಜೀವ ಇದೆಯೋ ಇಲ್ಲವೋ. ಅದಿಲ್ಲದಿದ್ದರೆ ನನ್ನ ಪಾಲಿಗೆ ಬರೀ ಸೊಳ್ಳೆಯ ಸದ್ದು. ನಮ್ಮ ಬೀದಿಯ ಕೊನೆಗೆ ಅಕ್ಕಿ ಗಿರಣಿಯ ಕೊಟ್ರಬಸಪ್ಪನವರ ಮನೆಯಲ್ಲಿ ಬ್ಯಾಟರಿಯ ರೇಡಿಯೋ ಇತ್ತು. ಗ್ರಾಮಫೋನಿನ ತಂತಿ ಸಿಕ್ಕಿಸಿ ಅದರಲ್ಲಿ ಹಾಡು ಜೋರಾಗಿ ಕೇಳಿಸುವುದು ಅವರ ಷೋಕಿ. ಇವರು ಹೋಗಿ ಕೇಳಿದ್ದಕ್ಕೆ ಅವರು ರೇಡಿಯೋವನ್ನು ಬಂಡಿಯಲ್ಲಿ ಹಾಕಿಸಿಕೊಂಡು ಸಾಯಂಕಾಲ ತಾವೇ ಬಂದರು.

“ಗ್ರಾಮಫೋನಿನ ತೂತಿಗೇ ಇದನ್ನೂ ಸಿಗಸೂಣು. ಹೋದ್ರ ಹೋತು, ನೀವೇನು ಅಂಜಬ್ಯಾಡ್ರಿ ಬಾಯಾರ,” ಅಂದರು.

ಅಂಜಿದ್ದು ನಾನೊಬ್ಬಳೇ ಅಲ್ಲ. ಅತ್ತೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು. ಜಪಮಣಿ ಕೈಯಲ್ಲಿತ್ತು, ಬೆರಳು ಮುಂದೆ ಹೋಗುತ್ತಿರಲಿಲ್ಲ. ತಂತಿ ಸಿಕ್ಕಿಸಿದರು. ರೇಡಿಯೋ ಬುಸ್ಸೆಂದಿತು. ನಾನು ಮೀಟಿದೆ. ಏನೂ ಇಲ್ಲ. ಇನ್ನೊಂದು ತಂತಿ ಮೀಟಿದೆ. ಅದೂ ಇಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡರು.

ಮೂರನೆಯದನ್ನು ಮೀಟಿದಾಗ ಮನೆಯ ತೊಲೆ ನಡುಗುವ ಹಾಗೆ ನಾದ ಬಂತು. ಮೊದಲೆರಡು ಹಿತ್ತಾಳೆಯವು, ಸೂಜಿಗಲ್ಲಿಗೂ ಅವಕ್ಕೂ ಮಾತುಕತೆಯಿಲ್ಲ. ಉಕ್ಕಿನ ನಾಲ್ಕೂ ಉಸಿರು ಬಂದಂತೆ ಹಾಡಿದವು. ನನಗೆ ಬರುವ ದೇವರನಾಮಗಳನ್ನು ಒಂದಾದ ಮೇಲೊಂದು ನುಡಿಸಿದೆ. ಎಷ್ಟೋ ಕಡೆ ಸ್ವರ ತಪ್ಪಿತು. ಕೊಟ್ರಬಸಪ್ಪನವರು ಹೂಂ ಹೂಂ ಎನ್ನುತ್ತಲೇ ಇದ್ದರು. ಇವರ ಬಗ್ಗೆ ಹೇಳುವುದೇ ಬೇಡ, ಗಿಟಾರು ತಾವೇ ಮಾಡಿದವರ ಹಾಗೆ ಕೂತಿದ್ದರು. ಅತ್ತೆ ಮಾತ್ರ ಜಪಮಣಿಯನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ನಾನು ನಡುಮನೆಯಲ್ಲಿ ಕೂತು ಗುಂಡನ್ನು ಬಟ್ಟೆಯಿಂದ ಒರೆಸುತ್ತಿದ್ದೆ. ಅತ್ತೆ ಕಾಲುವೆಯಿಂದ ಮಿಂದು ಬಂದರು. ಒದ್ದೆ ಸೀರೆ, ಕೈಯಲ್ಲಿ ದೇವರಿಗೆಂದು ತಂದ ತುಂಬಿದ ತಂಬಿಗೆ. ನಾನಿನ್ನೂ ಮಿಂದಿರಲಿಲ್ಲ, ದಾರಿ ಬಿಡಲು ಅಭ್ಯಾಸದಂತೆ ಹಿಂದಕ್ಕೆ ಸರಿದೆ.

“ಸರೀಬ್ಯಾಡ,” ಅಂದರು.

ತಂಬಿಗೆ ಕೆಳಗಿಟ್ಟರು. ನನ್ನೆದುರು ಕೂತು, ನನ್ನ ಎಡಗೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡರು. ಬಾಗಿದ ಬೆರಳುಗಳನ್ನು ಒಂದೊಂದಾಗಿ ಸವರಿದರು. ಅವರ ಕೈ ಕಾಲುವೆಯ ನೀರಿನಿಂದ ತಣ್ಣಗಿತ್ತು.

“ಅವತ್ತು ನಾ ಹಂಗ ಅನ್ನಬಾರದಿತ್ತು, ಕೃಷ್ಣಾ,” ಅಂದರು.

ನಾನು ಬಾಗಿದ ಬೆರಳುಗಳಿಂದಲೇ ಅವರ ಕೈಯನ್ನು ಹಿಡಿದುಕೊಂಡೆ. ಆಮೇಲೆ ಅವರು ಎದ್ದು ಕಣ್ಣೊರೆಸಿಕೊಂಡು, ತಂಬಿಗೆಯ ನೀರನ್ನು ತುಳಸಿ ಗಿಡಕ್ಕಲ್ಲ, ಬಾಳೆ ಗಿಡಕ್ಕೆ ಸುರಿದರು. ಖಾಲಿ ತಂಬಿಗೆ ಹಿಡಿದು ಇನ್ನೊಂದು ಸಲ ಮೀಯಲು ಕಾಲುವೆಯ ಕಡೆ ಹೊರಟರು.