ಬಾಲುವಿಗೆ ಕೊಟ್ಟ ಖಾತೆ

ಇಪ್ಪತ್ತೈದು ತುಂಬುವುದರೊಳಗೆ ಗಂಡುಮಕ್ಕಳು ‘ಸೆಟ್ಲ್’ ಆಗಿರಬೇಕಂತೆ. ಈ ಕಾನೂನು ಮಾಡಿದವರು ಯಾರೋ ಗೊತ್ತಿಲ್ಲ. ಪಾಲಿಸದವರನ್ನು ಹಿಡಿದು ಕೇಳಲು ಮಾತ್ರ ಪ್ರತಿ ಮದುವೆಮನೆಯಲ್ಲೂ ಜನ ಇದ್ದಾರೆ.

ಹೊನ್ನೆಮರಡು ಕಡೆಯ ಕೆರಿಯಮ್ಮನ ಮಗ ನಿರಂಜನನಿಗೂ ಇದೇ ಕಾಟ. ಅವನು ಸಾಗರದ ವಾಹನ ಬಿಡಿಭಾಗಗಳ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಡಿಗ್ರಿ ಓದಿ ನಟ್ಟು ಬೋಲ್ಟು ಮಾರುತ್ತೀಯಾ ಎಂದು ಊಟದ ಪಂಕ್ತಿಯಲ್ಲೇ ಕೇಳಿದವರುಂಟು. ಅವನಿಗೆ ಬೇಕಾಗಿದ್ದು ತನ್ನದೇ ಆದ ಒಂದು ಗೂಡ್ಸ್ ಆಟೋ. ಅದರ ಮುಂಗಡಕ್ಕೆಂದು ಹೊಟ್ಟೆ ಬಟ್ಟೆ ಕಟ್ಟಿ ಬ್ಯಾಂಕಿನಲ್ಲಿ ಹಣ ಕೂಡಿಡುತ್ತಿದ್ದ.

ಅವನ ಜೊತೆ ಓದಿದ ಬಾಲು ಊರಿನವರ ಕಣ್ಣಲ್ಲಿ ಆಗಲೇ ಗೆದ್ದವನು. ಮೈಮೇಲೆ ಹೊಸ ಶರ್ಟು, ಸ್ಟೇಟಸ್‌ನಲ್ಲಿ ಕಾರಿನ ಫೋಟೋ. ದುಡ್ಡು ಎಲ್ಲಿಂದ ಬರುತ್ತದೆ ಎಂದು ಅವನನ್ನು ಯಾರೂ ಕೇಳಲಿಲ್ಲ. ಒಂದು ದಿನ ಅಂಗಡಿಗೆ ಬಂದವನು ನಿರಂಜನನಿಗೂ ಸುಲಭದ ದಾರಿ ಹೇಳಿದ. ಯಾವುದೋ ಕಂಪನಿಯ ಹಣ ಬಂದು ಹೋಗಲು ಖಾತೆ ಬೇಕಂತೆ. ಹೊಸ ಖಾತೆಯೊಂದನ್ನು ತೆರೆದು, ಅದರ ಎಟಿಎಂ ಕಾರ್ಡು ಮತ್ತು ಸಿಮ್ಮು ಕೊಟ್ಟರೆ ಸಾಕು, ತಿಂಗಳಿಗೆ ನಾಲ್ಕು ಸಾವಿರ ಕಮಿಷನ್.

ಊರಿನಲ್ಲಿ ಬ್ಯಾಂಕಿನ ಸೇವಾ ಕೇಂದ್ರ ನಡೆಸುವ ವಿನಯಾ ಇದನ್ನು ಕೇಳಿ, ಖಂಡಿತ ಬೇಡ ಎಂದಳು. ಅವಳೂ ನಿರಂಜನನ ಸಹಪಾಠಿಯೇ. ಆದರೆ ಕೆರಿಯಮ್ಮನಿಗೆ ಇದರಲ್ಲಿ ತಪ್ಪೇ ಕಾಣಲಿಲ್ಲ.

“ನಮ್ಮ ಪಕ್ಕದ್ಮನೆ ಮಾಸ್ತಪ್ಪಣ್ಣ ಎಷ್ಟು ವರ್ಷ ನಿನ್ನ ಅಪ್ಪನ ಹೆಸ್ರಲ್ಲೇ ಮಂಡಿಗೆ ತನ್ನ ಅಡಿಕೆ ಹಾಕ್ಲಿಲ್ಲ? ನಮ್ಗೆ ಎಂತ ಆಯ್ತು? ಕೊಟ್ಟು ತಗೊಂಡು ಬಾಳ್ಬೇಕು ಮಾರಾಯ,” ಎಂದಳು. ವಿನಯಾಗೆ ಹೊಟ್ಟೆಕಿಚ್ಚು ಎಂದೂ ಸೇರಿಸಿದಳು.

ನಿರಂಜನ ಕಾರ್ಡು ಕೊಟ್ಟ. ಕಮಿಷನ್ ಅವನ ಹಳೆಯ ಖಾತೆಗೆ ಬರತೊಡಗಿತು. ಮುಂಗಡದ ಹಣ ಬೇಗನೆ ಕೂಡಿತು.

ಆಟೋ ತರುವ ದಿನ ತಾಯಿ ಮಗ ತೆಂಗಿನಕಾಯಿ, ಹೂವಿನ ಹಾರ ಹಿಡಿದು ಸಾಗರದ ಶೋರೂಮಿಗೆ ಹೋದರು. ನಿರಂಜನ ಫೋನು ತೆಗೆದು ಹಣ ಹಾಕಿದ. ಹೋಗಲಿಲ್ಲ. ಮತ್ತೆ ಹಾಕಿದ. ಹೋಗಲಿಲ್ಲ. ನೆಟ್‌ವರ್ಕ್ ಇಲ್ಲವೇನೋ ಎಂದುಕೊಂಡು ತಾಯಿಯನ್ನೂ ಕರೆದುಕೊಂಡು ಬ್ಯಾಂಕಿಗೇ ಹೋದ. ಅಲ್ಲಿ ವಿಷಯ ತಿಳಿಯಿತು. ಬಾಲುವಿಗೆ ಕೊಟ್ಟ ಖಾತೆಯಲ್ಲಿ ಕದ್ದ ಹಣ ಓಡಾಡಿತ್ತು, ಪೊಲೀಸರಿಗೆ ದೂರು ಹೋಗಿತ್ತು. ಕಮಿಷನ್ ಬರುತ್ತಿದ್ದ ಕಾರಣಕ್ಕೆ ಅವನ ಹಳೆಯ ಖಾತೆಯನ್ನೂ ತಡೆಹಿಡಿದಿದ್ದರು. ಬೆವರು ಸುರಿಸಿ ಕೂಡಿಟ್ಟದ್ದೂ ಅದರೊಳಗೇ ಉಳಿಯಿತು. ಬಾಲುವಿಗೆ ಫೋನು ಮಾಡಿದರೆ ಸ್ವಿಚ್ ಆಫ್.

ಕೆರಿಯಮ್ಮ ಹಾರ, ತೆಂಗಿನಕಾಯಿ ಹಿಡಿದೇ ಬ್ಯಾಂಕಿನ ಬಾಗಿಲಲ್ಲಿ ಕುಳಿತಳು. ಮಗ ಒಂದು ರೂಪಾಯಿ ಕದ್ದವನಲ್ಲ, ಅವನಿಗೇಕೆ ಈ ಶಿಕ್ಷೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಸುದ್ದಿ ಕೇಳಿ ಬಂದ ವಿನಯಾ, ನಾನು ಹೇಳಿರಲಿಲ್ಲವೇ ಎನ್ನಲಿಲ್ಲ. ಏನನ್ನೂ ಮುಚ್ಚಿಡದೆ ಪೊಲೀಸರಿಗೆ ಹೇಳಿಬಿಡು ಎಂದು ತಾನೇ ಮುಂದಾಗಿ ಇಬ್ಬರನ್ನೂ ಠಾಣೆಗೆ ಕರೆದುಕೊಂಡು ಹೋದಳು.

ಠಾಣೆಯ ಬೆಂಚಿನ ಮೇಲೆ ದೂರು ಕೊಟ್ಟಿದ್ದ ಹೊಸನಗರದ ಭವ್ಯಾ ಎಂಬ ಹುಡುಗಿ ಕುಳಿತಿದ್ದಳು. ನಿರಂಜನನಷ್ಟೇ ವಯಸ್ಸು. ಮನೆಯಲ್ಲೇ ಕುಳಿತು ಮಾಡುವ ಕೆಲಸ ಕೊಡುತ್ತೇವೆಂದು ನಂಬಿಸಿದವರು ಅವಳಿಂದ ಠೇವಣಿ ಕಟ್ಟಿಸಿಕೊಂಡಿದ್ದರು. ಅಮ್ಮನ ಬಳೆ ಅಡವಿಟ್ಟು ತಂದ ಹಣ ಅದು. ಅದು ಹೋಗಿ ಬಿದ್ದದ್ದು ನಿರಂಜನ ಬಾಲುವಿಗೆ ಕೊಟ್ಟ ಖಾತೆಗೆ. ಅವನು ಹೆಸರು ಹೇಳುತ್ತಿದ್ದಂತೆ ಅವಳು ತಲೆ ಎತ್ತಿದಳು.

“ನಂಗೂ ಸ್ವಲ್ಪ ಅನುಮಾನ ಇತ್ತು. ದುಡ್ಡು ಹಾಕೋ ಮುಂಚೆ ಖಾತೆ ಯಾರ್ದು ಅಂತ ನೋಡ್ದೆ. ನಿರಂಜನ, ಸಾಗರ ಬ್ರಾಂಚ್ ಅಂತ ಇತ್ತು. ನಮ್ಮ ಕಡೆಯವ್ರು ಮೋಸ ಮಾಡಲ್ಲ ಅಂತ ಹಾಕ್ದೆ,” ಎಂದಳು.

ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ. ಕೆರಿಯಮ್ಮ ವಿನಯಾಳ ಕೈ ಹಿಡಿದು, ಮಾಸ್ತಪ್ಪ ಅಡಿಕೆ ಹಾಕಿದಾಗ ಹೀಗೇಕೆ ಆಗಲಿಲ್ಲ ಎಂದು ಕೇಳಿದಳು.

“ಮಾಸ್ತಪ್ಪಣ್ಣನ ಅಡಿಕೆ ಯಾವ ಮರದ್ದು ಅಂತ ನಿಮ್ಗೆ ಗೊತ್ತಿತ್ತು ಕೆರಿಯಕ್ಕ,” ಎಂದಳು ವಿನಯಾ. “ಈ ದುಡ್ಡು ಯಾರ ಮನೇದು ಅಂತ ನೀವು ಕೇಳ್ಲೇ ಇಲ್ಲ.”

ಕೆರಿಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿರಂಜನ ನಡೆದದ್ದನ್ನೆಲ್ಲ ಹೇಳಿಕೆಯಲ್ಲಿ ತಿಳಿಸಿದ. ಪಡೆದ ಕಮಿಷನ್ ಅಷ್ಟನ್ನೂ ಒಪ್ಪಿಸುತ್ತೇನೆ ಎಂದು ಬರೆದುಕೊಟ್ಟ. ಈಗ ಮತ್ತೆ ಅದೇ ಅಂಗಡಿಯಲ್ಲಿ ನಟ್ಟು ಬೋಲ್ಟು ಮಾರುತ್ತಿದ್ದಾನೆ. ವಿಚಾರಣೆ ಮುಗಿದಿಲ್ಲ, ಆಟೋ ಬಂದಿಲ್ಲ. ಮದುವೆಮನೆಯಲ್ಲಿ ಯಾರಾದರೂ ಕೆಣಕಿದರೆ ಈಗ ಕೆರಿಯಮ್ಮನೇ ಉತ್ತರ ಕೊಡುತ್ತಾಳೆ: “ನನ್ನ ಮಗ ದುಡೀತಾನೆ. ದುಡ್ಡು ಎಲ್ಲಿಂದ ಬಂತು ಅಂತ ಯಾರು ಕೇಳಿದ್ರೂ ಹೇಳ್ತಾನೆ. ನಮ್ಗೆ ಅಷ್ಟು ಸಾಕು.”

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯ ಮಕ್ಕಳ ಎಟಿಎಂ ಕಾರ್ಡು, ಸಿಮ್ಮು ಯಾರ ಕೈಯಲ್ಲಿವೆ ಎಂದು ಇವತ್ತೇ ಕೇಳಿ. ಸ್ನೇಹಿತ ಕೇಳಲಿ, ನೆಂಟ ಕೇಳಲಿ, ನಿಮ್ಮ ಖಾತೆಯನ್ನು ಇನ್ನೊಬ್ಬರ ಬಳಕೆಗೆ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಹೆದರಿ ಬಚ್ಚಿಡಬೇಡಿ, ಕೂಡಲೇ ಬ್ಯಾಂಕಿಗೂ ಪೊಲೀಸರಿಗೂ ತಿಳಿಸಿ. ಮೋಸಕ್ಕೆ ಸಿಕ್ಕಿ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಿ. ಇನ್ನೂ ಸೆಟ್ಲ್ ಆಗಿಲ್ಲವಾ ಎಂದು ಹುಡುಗರನ್ನು ಚುಚ್ಚುವವರು ನಾಲಿಗೆಯನ್ನು ಸ್ವಲ್ಪ ಹಿಡಿತದಲ್ಲಿಡಿ. ನಿರಂಜನನ ಖಾತೆ ಇವತ್ತಲ್ಲ ನಾಳೆ ಬಿಡುಗಡೆಯಾದೀತು. ಭವ್ಯಾಳ ಅಮ್ಮನ ಬಳೆ ಮಾತ್ರ ಇನ್ನೂ ಅಡವಿನಲ್ಲೇ ಇದೆ.